ನಾಲ್ಕು ಕಸಬಾ, ಒಂದು ಡೇಟಾಬೇಸ್

ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಯ ವ್ಯಾಪ್ತಿಯಲ್ಲಿ ನಾಲ್ಕು ತಾಲ್ಲೂಕುಗಳಿವೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕರಲ್ಲಿ ಯಾವ ಊರಿನ ಜಮೀನಿನ ಖಾತೆ ಬದಲಾವಣೆಗೆ ತಕರಾರು ಬಂದರೂ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 136(2)ನೇ ಕಲಮಿನಡಿ ಮೇಲ್ಮನವಿ ಬರುವುದು ಇಲ್ಲಿಗೇ. ವಕೀಲರು ಕಡತಕ್ಕೆ ಲಗತ್ತಿಸುವ ಮೊದಲ ಕಾಗದ ಪಹಣಿ. ಒಂದು ಕಾಲದಲ್ಲಿ ಅದು ಗ್ರಾಮ ಲೆಕ್ಕಿಗರ ಕೈಬರಹ. ಈಗ ಪ್ರಿಂಟರಿನಿಂದ ಬರುತ್ತದೆ. ಪ್ರಿಂಟರಿನ ಹಿಂದೆ ಒಂದು ಡೇಟಾಬೇಸ್ ಇದೆ ಎಂಬುದು ಅರ್ಜಿದಾರನಿಗೂ ಗೊತ್ತಿಲ್ಲ, ಬಹುಪಾಲು ವಕೀಲರಿಗೂ ಬೇಕಿಲ್ಲ.

ನಮಗೆ ಬೇಕು. ಏಕೆಂದರೆ ಶಿರಾದ ಅಡಿಕೆ ವ್ಯಾಪಾರಿ, ಪಾವಗಡದ ಕಡಲೆಕಾಯಿ ಎಣ್ಣೆ ಮಿಲ್ಲಿನ ಮಾಲೀಕ, ಕೊರಟಗೆರೆಯ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ ಇವರೆಲ್ಲ ಇವತ್ತು ಕೇಳುವ ಪ್ರಶ್ನೆಯನ್ನು ಕಂದಾಯ ಇಲಾಖೆ ಕಾಲು ಶತಮಾನದ ಹಿಂದೆಯೇ ಎದುರಿಸಿತ್ತು. ದುಡ್ಡು ಕೊಟ್ಟು ಒರೇಕಲ್ ಅಥವಾ ಮೈಕ್ರೋಸಾಫ್ಟಿನ ಡೇಟಾಬೇಸ್ ಕೊಳ್ಳಬೇಕೋ, ಪುಕ್ಕಟೆ ಸಿಗುವ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಒಂದನ್ನು ಹಾಕಿಕೊಳ್ಳಬೇಕೋ?

ಇಲಾಖೆಯ ‘ಭೂಮಿ’ ಯೋಜನೆ ರಾಜ್ಯದ 170ಕ್ಕೂ ಹೆಚ್ಚು ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಇಲಾಖೆಯ ಕಡೆಯಿಂದ ಅದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಪ್ರತಿ ತಾಲ್ಲೂಕು ಕಚೇರಿಯಲ್ಲೂ ಒಂದು ಸರ್ವರ್, ಅದರಲ್ಲಿ ವಿಂಡೋಸ್ ಎನ್‌ಟಿ, ಒಳಗೆ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ 7.0, ಮುಂದೆ ವಿಶುವಲ್ ಬೇಸಿಕ್ಕಿನ ಪರದೆಗಳು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು ಎಂಬ ನಿಯಮವನ್ನು ತಂತ್ರಾಂಶದೊಳಗೇ ಹೆಣೆದಿದ್ದರು. ಆಗ ಪಹಣಿ ಪ್ರತಿಗೆ 15 ರೂಪಾಯಿ.

ಸರ್ಕಾರವೇ ಏಕೆ ಅಮೆರಿಕದ ಕಂಪನಿಯ ಲೈಸೆನ್ಸ್ ಕೊಂಡಿತು ಎಂದು ಈಗ ಆಕ್ಷೇಪಿಸುವುದು ಸುಲಭ. ಆ ಕಾಲದ ಅಂಗಡಿಯಲ್ಲಿ ಬೇರೇನು ಸರಕಿತ್ತು ಎಂದು ನೋಡಿದರೆ ಆಕ್ಷೇಪಣೆಯ ದನಿ ಇಳಿಯುತ್ತದೆ. ಪೋಸ್ಟ್‌ಗ್ರೆಸ್ ನೇರವಾಗಿ ವಿಂಡೋಸ್ ಮೇಲೆ ಓಡಲು ಶುರುಮಾಡಿದ್ದು 8.0ನೇ ಆವೃತ್ತಿಯಲ್ಲಿ, 2005ರ ಜನವರಿಯಲ್ಲಿ. ಮೈಎಸ್‌ಕ್ಯುಎಲ್ ಆಗಲೇ ಇತ್ತು, ವೇಗವಾಗಿಯೂ ಇತ್ತು. ಆದರೆ ಅದರ ಮೂಲ ಸಂಗ್ರಹ ಯಂತ್ರವಾದ ಮೈಐಸ್ಯಾಮ್‌ಗೆ ಜಮೀನು ವ್ಯವಹಾರಕ್ಕೆ ಅತ್ಯಗತ್ಯವಾದ ಒಂದು ಗುಣವೇ ಇರಲಿಲ್ಲ. ಆ ಗುಣವಿದ್ದ ಇನ್ನೋಡಿಬಿ ಎಂಬ ಯಂತ್ರ 2001ರ ಹೊತ್ತಿಗೆ ಜೊತೆಗೂಡಿತಾದರೂ, ತಾನಾಗಿ ಆಯ್ಕೆಯಾಗುವ ಯಂತ್ರವಾದದ್ದು 2010ರ 5.5ನೇ ಆವೃತ್ತಿಯಲ್ಲಿ. ಅಂದಿನ ಆಯ್ಕೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಅದೇ ಆಯ್ಕೆಯನ್ನು ಇವತ್ತು ಕಣ್ಣುಮುಚ್ಚಿ ಮಾಡಿದರೆ ಸರಿಯಾಗುವುದಿಲ್ಲ. ಹೋಲಿಕೆಗೆ ವರ್ಷ ನಮೂದಿಸದಿದ್ದರೆ ಬೆಲೆಯಿಲ್ಲ.

ಆ ಅತ್ಯಗತ್ಯ ಗುಣ ಯಾವುದು? ಮಿಡಿಗೇಶಿ ಹೋಬಳಿಯ ರೈತರೊಬ್ಬರು ತಮ್ಮ 4 ಎಕರೆಯಲ್ಲಿ 1 ಎಕರೆ 10 ಗುಂಟೆ ಮಾರಿದರು ಎಂದುಕೊಳ್ಳಿ. ಡೇಟಾಬೇಸಿನಲ್ಲಿ ಎರಡು ಕೆಲಸ ಆಗಬೇಕು: ಮಾರಿದವರ ವಿಸ್ತೀರ್ಣ ಕಡಿಮೆಯಾಗಬೇಕು, ಕೊಂಡವರ ಹೆಸರಿಗೆ ಅಷ್ಟೇ ಸೇರಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಇದು ಊಹೆಯ ಉದಾಹರಣೆಯಲ್ಲ. ಮೈಐಸ್ಯಾಮ್‌ನಂಥ ಯಂತ್ರದಲ್ಲಿ ಒಂದೂಕಾಲು ಎಕರೆ ಯಾರ ಹೆಸರಿನಲ್ಲೂ ಇಲ್ಲದೆ ಮಾಯವಾಗಿರುತ್ತದೆ. ವ್ಯವಹಾರ, ಅಂದರೆ ಟ್ರಾನ್ಸಾಕ್ಷನ್ ಬಲ್ಲ ಯಂತ್ರದಲ್ಲಿ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗಿರುವುದಿಲ್ಲ. ಇದನ್ನು ಸಾಧಿಸುವ ಉಪಾಯ ಮಂಡಿ ವ್ಯಾಪಾರಿಗಳಿಗೆ ಹೊಸದೇನಲ್ಲ. ಅವರು ಮೊದಲು ಕಿರ್ದಿಯಲ್ಲಿ ಬರೆಯುತ್ತಾರೆ, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಡೇಟಾಬೇಸೂ ತಾನು ಏನು ಮಾಡಲಿದ್ದೇನೆ ಎಂಬುದನ್ನು ಮೊದಲು ಒಂದು ದಾಖಲೆ ಕಡತಕ್ಕೆ ಬರೆದು, ಅದು ಡಿಸ್ಕಿನಲ್ಲಿ ಭದ್ರವಾಗಿ ಕೂತಮೇಲೆ ‘ಆಯಿತು’ ಎನ್ನುತ್ತದೆ. ನಿಜವಾದ ಕೋಷ್ಟಕವನ್ನು ನಿಧಾನಕ್ಕೆ ತಿದ್ದುತ್ತದೆ. ಕರೆಂಟು ಬಂದ ಮೇಲೆ ಕಿರ್ದಿಯನ್ನು ಓದಿ, ಪೂರ್ತಿಯಾದದ್ದನ್ನು ಏರಿಸುತ್ತದೆ, ಅರ್ಧಕ್ಕೆ ನಿಂತದ್ದನ್ನು ಅಳಿಸುತ್ತದೆ. ಈ ಚಿಂತನೆಗೆ ಗಟ್ಟಿ ಬುನಾದಿ ಹಾಕಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಇವತ್ತು ಒರೇಕಲ್, ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಕೊನೆಗೆ ನಿಮ್ಮ ಜೇಬಿನ ಫೋನಿನಲ್ಲಿರುವ ಎಸ್‌ಕ್ಯುಎಲೈಟ್ ಕೂಡ ಇದನ್ನು ಮಾಡುತ್ತವೆ. ಆದ್ದರಿಂದ ‘ದುಡ್ಡು ಕೊಟ್ಟದ್ದು ಗಟ್ಟಿ, ಪುಕ್ಕಟೆಯದು ಜೊಳ್ಳು’ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ. ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರವಿರುವ ಆಧಾರ್ ವ್ಯವಸ್ಥೆ ಮೈಎಸ್‌ಕ್ಯುಎಲ್, ಎಚ್‌ಬೇಸ್‌ನಂಥ ಮುಕ್ತ ತಂತ್ರಾಂಶಗಳನ್ನು ಬಳಸಿಯೇ ನೂರು ಕೋಟಿ ಮೀರಿದ ಜನರ ದಾಖಲೆ ಕಟ್ಟಿತು. ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ನೀತಿಯಂತೂ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಬಿಡುವುದಾದರೆ ಕಾರಣ ಕೊಡಬೇಕು ಎಂದಿತು.

ಹಾಗಾದರೆ ವೇಗದಲ್ಲಿ ಯಾವುದು ಮುಂದು? ಕೊಳ್ಳುವವರೆಲ್ಲ ಕೇಳುವ ಈ ಪ್ರಶ್ನೆಗೆ ಪ್ರಾಮಾಣಿಕ ಕೋಷ್ಟಕವೊಂದು ಸಿಗುವುದು ಕಷ್ಟ. ಅದಕ್ಕೆ ಕಾರಣ ಕಾನೂನು. 1980ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಸಂಗಡಿಗರು ಆಗಿನ ಡೇಟಾಬೇಸ್‌ಗಳನ್ನು ಒಂದೇ ಪರೀಕ್ಷೆಗೆ ಕೂರಿಸಿ ಫಲಿತಾಂಶ ಪ್ರಕಟಿಸಿದರು. ಒರೇಕಲ್‌ಗೆ ಅಂಕ ಕಡಿಮೆ ಬಂತು. ಆಮೇಲೆ ಕಂಪನಿ ತನ್ನ ಲೈಸೆನ್ಸಿನಲ್ಲಿ ಒಂದು ಸಾಲು ಸೇರಿಸಿತು: ನಮ್ಮ ಅನುಮತಿಯಿಲ್ಲದೆ ಪರೀಕ್ಷೆಯ ಫಲಿತಾಂಶ ಪ್ರಕಟಿಸುವಂತಿಲ್ಲ. ಈ ಷರತ್ತಿಗೆ ಡೆವಿಟ್ ಅವರ ಹೆಸರೇ ಅಂಟಿಕೊಂಡಿದೆ. ಮೈಕ್ರೋಸಾಫ್ಟ್ ಸೇರಿ ಬೇರೆಯವರೂ ಅದನ್ನು ಅಳವಡಿಸಿಕೊಂಡರು. ನೀವು ದುಡ್ಡು ಕೊಟ್ಟು ಕೊಂಡ ಸರಕನ್ನು ತೂಗಬಹುದು, ತೂಕವನ್ನು ನೆರೆಯವನಿಗೆ ಹೇಳುವಂತಿಲ್ಲ. ತೂಕ ಮತ್ತು ಅಳತೆ ಇಲಾಖೆಯವರು ಶಿರಾದ ಎಪಿಎಂಸಿಯಲ್ಲಿ ಇದನ್ನು ಒಪ್ಪುತ್ತಿದ್ದರೇ? ಪೋಸ್ಟ್‌ಗ್ರೆಸ್‌ಗೆ ಇಂಥ ಷರತ್ತಿಲ್ಲ. ಅದರ ಕುಂದುಗಳೆಲ್ಲ ಬೀದಿಗೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಹಾಗೆ ಬಿದ್ದಿರುವುದು ಒಳ್ಳೆಯದೇ.

ಈಗ ಬೆಲೆ. ಒರೇಕಲ್ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಒಂದು ಪ್ರೊಸೆಸರ್‌ಗೆ 47,500 ಡಾಲರ್. ಸಾಮಾನ್ಯ ಇಂಟೆಲ್ ಚಿಪ್ಪಿನಲ್ಲಿ ಎರಡು ಕೋರ್‌ಗಳನ್ನು ಒಂದು ಪ್ರೊಸೆಸರ್ ಎಂದು ಎಣಿಸುತ್ತಾರೆ. ಎಂಟು ಕೋರಿನ ಒಂದು ಸರ್ವರ್‌ಗೆ 1,90,000 ಡಾಲರ್, ಒಂದೂವರೆ ಕೋಟಿ ರೂಪಾಯಿ ಮೀರಿತು. ಅದರ ಮೇಲೆ ವರ್ಷಕ್ಕೆ ಶೇ 22ರಷ್ಟು ನೆರವಿನ ಶುಲ್ಕ. ಲೆಕ್ಕ ಹಾಕಿ: ಐದನೆಯ ವರ್ಷ ಮುಗಿಯುವ ಮೊದಲೇ ನೆರವಿನ ಶುಲ್ಕವೇ ಮೂಲ ಬೆಲೆಯನ್ನು ಮೀರುತ್ತದೆ. ದೊಡ್ಡ ಗಿರಾಕಿಗಳಿಗೆ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಆ ಮಟ್ಟದ ದೊಡ್ಡ ಗಿರಾಕಿ ಯಾರು? ಎಸ್‌ಕ್ಯುಎಲ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿ ಇದಕ್ಕಿಂತ ಬಹಳ ಅಗ್ಗ, ಕನಿಷ್ಠ ನಾಲ್ಕು ಕೋರಿಗೆ ಎಂಟು ಸಾವಿರ ಡಾಲರಿನ ಆಸುಪಾಸು. ಪೋಸ್ಟ್‌ಗ್ರೆಸ್‌ಗೆ ಸೊನ್ನೆ. ಆ ಸೊನ್ನೆಯನ್ನು ನಂಬಿ ಕೂರಬಾರದು. ಅದನ್ನು ನೋಡಿಕೊಳ್ಳುವ ಮನುಷ್ಯನ ಸಂಬಳ ಸೊನ್ನೆಯಲ್ಲ.

ಚಿಕ್ಕ ಊರುಗಳಲ್ಲಿ ಸ್ಪರ್ಧೆ ನಿಜಕ್ಕೂ ಇರುವುದು ಮುಕ್ತ ತಂತ್ರಾಂಶಕ್ಕೂ ವಾಣಿಜ್ಯ ತಂತ್ರಾಂಶಕ್ಕೂ ಅಲ್ಲ. ಮುಕ್ತ ತಂತ್ರಾಂಶಕ್ಕೂ ‘ಕ್ರ್ಯಾಕ್’ ಪ್ರತಿಗೂ. ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯವರು ಜೊತೆಗೇ ಹಾಕಿಕೊಡುವ ಪ್ರತಿಗೆ ಲೈಸೆನ್ಸೂ ಇಲ್ಲ, ಭದ್ರತಾ ತಿದ್ದುಪಡಿಯೂ ಇಲ್ಲ. ಎರಡು ಕಡೆಯ ಕೆಟ್ಟದ್ದೂ ಅದರಲ್ಲಿದೆ. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಹುಳು ಎಸ್‌ಕ್ಯುಎಲ್ ಸರ್ವರ್ 2000ರ ಒಂದು ಬಿರುಕಿನಿಂದ ನುಗ್ಗಿ ಹತ್ತೇ ನಿಮಿಷದಲ್ಲಿ ಜಗತ್ತಿನ ಸುಮಾರು 75,000 ಯಂತ್ರಗಳನ್ನು ಹಿಡಿಯಿತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಆರು ತಿಂಗಳು ಮೊದಲೇ ತೇಪೆ ಕೊಟ್ಟಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಮುಕ್ತ ಪಾಳೆಯದವರು ನಗಬೇಕಿಲ್ಲ. 2017ರ ಆರಂಭದಲ್ಲಿ ಪಾಸ್‌ವರ್ಡ್ ಹಾಕದೆ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ದುಷ್ಕರ್ಮಿಗಳು ಅಳಿಸಿ, ಹಣ ಕೇಳುವ ಚೀಟಿ ಬಿಟ್ಟುಹೋದರು.

ತಲೆಬರಹದ ಕಸಬಾಗಳಿಗೆ ಬರೋಣ. ಮಧುಗಿರಿ ತಾಲ್ಲೂಕಿನಲ್ಲಿ ಒಂದು ಕಸಬಾ ಹೋಬಳಿ ಇದೆ. ಶಿರಾದಲ್ಲೂ ಇದೆ. ಕೊರಟಗೆರೆಯಲ್ಲೂ, ಪಾವಗಡದಲ್ಲೂ. ತಾಲ್ಲೂಕಿಗೊಂದು ಸರ್ವರ್ ಇದ್ದಾಗ ‘ಕಸಬಾ’ ಎಂದರೆ ಗೊಂದಲವಿರಲಿಲ್ಲ. ಎಲ್ಲವನ್ನೂ ಒಂದೇ ಡೇಟಾಬೇಸಿಗೆ ತಂದ ದಿನ ಹೋಬಳಿಯ ಹೆಸರು ಗುರುತಾಗಿ ಉಳಿಯುವುದಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಇವಿಷ್ಟೂ ಸೇರಿದರೆ ಮಾತ್ರ ಒಂದು ತುಂಡು ನೆಲಕ್ಕೆ ಗುರುತು. ಹಳ್ಳಿಗಳಲ್ಲಿ ಹೊಸಹಳ್ಳಿಗಳೆಷ್ಟು, ಮಾಲೀಕರಲ್ಲಿ ಹನುಮಂತರಾಯಪ್ಪಗಳೆಷ್ಟು! ಇದನ್ನು ಯಾವ ಕಂಪನಿಯ ಯಂತ್ರವೂ ತಾನಾಗಿ ಊಹಿಸುವುದಿಲ್ಲ. ವ್ಯಾಪಾರಿಯೊಬ್ಬರು ಗಿರಾಕಿಯ ಹೆಸರನ್ನೇ ಗುರುತಾಗಿ ಇಟ್ಟುಕೊಂಡು ಲೆಕ್ಕ ಶುರುಮಾಡಿದರೆ, ಶಿರಾದಲ್ಲಿ ಅಂಗಡಿ ನಡೆಸಿದಷ್ಟು ದಿನ ಸರಿ. ಮಧುಗಿರಿಯಲ್ಲಿ ಎರಡನೆಯ ಅಂಗಡಿ ತೆರೆದಾಗ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬರುತ್ತದೆ.

ವಿಸ್ತೀರ್ಣದ ಅಂಕಣ ಇನ್ನೂ ಅಪಾಯದ್ದು. ಪಹಣಿಯಲ್ಲಿ 2 ಎಕರೆ 35 ಗುಂಟೆಯನ್ನು ರೂಢಿಯಲ್ಲಿ 2.35 ಎಂದೇ ಬರೆಯುತ್ತೇವೆ. ಪಕ್ಕದ ತುಂಡು 1.10. ಇವೆರಡನ್ನು ದಶಮಾಂಶ ಎಂದು ತಿಳಿದು ಕೂಡಿಸಿದರೆ ಯಾವ ಡೇಟಾಬೇಸಾದರೂ ಸಂತೋಷವಾಗಿ 3.45 ಎನ್ನುತ್ತದೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಸರಿಯುತ್ತರ 4 ಎಕರೆ 5 ಗುಂಟೆ. ಕೋಟ್ಯಂತರ ರೂಪಾಯಿ ಲೈಸೆನ್ಸಿನ ಯಂತ್ರವೂ ಪುಕ್ಕಟೆ ಯಂತ್ರವೂ ಇಲ್ಲಿ ಒಂದೇ ತಪ್ಪನ್ನು ಒಂದೇ ವೇಗದಲ್ಲಿ ಮಾಡುತ್ತವೆ. ಬಲ್ಲವರು ಎಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟು, ಮುದ್ರಿಸುವಾಗ ಮಾತ್ರ ಎಕರೆ ಮಾಡುತ್ತಾರೆ.

ಆದರೂ ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಪೋಸ್ಟ್‌ಗ್ರೆಸ್ 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಸಂಶೋಧನೆಯಾಗಿ ಹುಟ್ಟಿದಾಗ ಅದರ ಮುಖ್ಯ ಗುರಿಗಳಲ್ಲೊಂದು ಇದೇ ಆಗಿತ್ತು: ಸಂಖ್ಯೆ, ಅಕ್ಷರ, ದಿನಾಂಕ ಬಿಟ್ಟು ಬೇರೆ ಜಾತಿಯ ಮೌಲ್ಯಗಳನ್ನು ಬಳಸುವವರೇ ಸೃಷ್ಟಿಸಿಕೊಳ್ಳುವಂತಿರಬೇಕು. ಎಕರೆ-ಗುಂಟೆ ಎಂಬ ಮಾದರಿಯನ್ನೇ ರಚಿಸಿ, ಅದರ ಕೂಡುವ ಕಳೆಯುವ ವಿಧಾನವನ್ನು ಯಂತ್ರಕ್ಕೆ ಕಲಿಸಬಹುದು. ನಕ್ಷೆಗಳನ್ನು ಸಂಭಾಳಿಸುವ ಪೋಸ್ಟ್‌ಜಿಐಎಸ್ 2001ರಲ್ಲಿ ಬಂದದ್ದು ಈ ಬಾಗಿಲಿನಿಂದಲೇ. ಸರ್ವೆ ನಂಬರಿನ ಗಡಿಯನ್ನು ಬಹುಭುಜವಾಗಿ ಇಟ್ಟು, ಯಾವ ತುಂಡು ಕೆರೆಯಂಗಳಕ್ಕೆ ಚಾಚಿದೆ ಎಂದು ಕೇಳಬಹುದು. ಒರೇಕಲ್‌ನಲ್ಲೂ ಇದು ಇತ್ತು, ಚೆನ್ನಾಗಿಯೇ ಇತ್ತು. ಆದರೆ 2019ರ ಡಿಸೆಂಬರ್‌ವರೆಗೆ ಪೂರ್ಣ ಸೌಲಭ್ಯಕ್ಕೆ ಬೇರೆ ದುಡ್ಡು. ಪುಕ್ಕಟೆಯವರ ಒತ್ತಡವಿಲ್ಲದೆ ಆ ಬೆಲೆ ಇಳಿಯುತ್ತಿತ್ತೇ ಎಂಬುದು ನನಗೆ ಅನುಮಾನ.

ಇನ್ನು ಕನ್ನಡ. ಡೇಟಾಬೇಸ್ ಕೊಳ್ಳುವಾಗ ನಮ್ಮವರು ಕೇಳದೆ ಬಿಡುವ ಪ್ರಶ್ನೆ ಇದು. ‘ಹನುಮಂತರಾಯಪ್ಪ’ ಎಂಬ ಹೆಸರು ಕಣ್ಣಿಗೆ ಏಳು ಅಕ್ಷರ. ಯೂನಿಕೋಡಿಗೆ ಹನ್ನೆರಡು ಸಂಕೇತ: ಕೊಂಬು, ಸೊನ್ನೆ, ದೀರ್ಘ, ವಿರಾಮ ಎಲ್ಲ ಪ್ರತ್ಯೇಕ. ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಒಟ್ಟು 36 ಬೈಟ್. ಎಸ್‌ಕ್ಯುಎಲ್ ಸರ್ವರ್ ತನ್ನ ಎನ್‌ವಾರ್‌ಚಾರ್ ಅಂಕಣದಲ್ಲಿ ಸಂಕೇತಕ್ಕೆ ಎರಡೇ ಬೈಟ್ ಖರ್ಚು ಮಾಡುತ್ತದೆ, 24 ಸಾಕು. ಕನ್ನಡದ ಮಟ್ಟಿಗೆ ಇದು ಅದರ ಉಳಿತಾಯ. ಆದರೆ ಪ್ರೋಗ್ರಾಮರ್ ಮರೆತು ‘ಎನ್’ ಇಲ್ಲದ ಅಂಕಣಕ್ಕೆ ಕನ್ನಡ ತುಂಬಿದರೆ, ಹೆಸರಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ, ಏಕೆಂದರೆ ವಿಂಡೋಸಿನ ಹಳೆಯ ಸಂಕೇತ ಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಒರೇಕಲ್ ತಾನಾಗಿ ಎಣಿಸುವುದು ಬೈಟ್‌ಗಳನ್ನು. ಹೆಸರಿನ ಅಂಕಣಕ್ಕೆ 30 ಎಂದು ಅಗಲ ಕೊಟ್ಟಿದ್ದರೆ ಹತ್ತು ಕನ್ನಡ ಸಂಕೇತಕ್ಕೇ ತುಂಬಿತು; ಹನುಮಂತರಾಯಪ್ಪನವರಿಗೆ ಬಾಗಿಲು ಮುಚ್ಚಿತು. ಪೋಸ್ಟ್‌ಗ್ರೆಸ್ 30 ಎಂದರೆ ಮೂವತ್ತು ಸಂಕೇತ ಎಂದೇ ತಿಳಿಯುತ್ತದೆ. ಹಳೆಯ ಮೈಎಸ್‌ಕ್ಯುಎಲ್ ಮಾತ್ರ ಮಹಾ ಸೌಜನ್ಯದ್ದು: ಹೆಸರು ಹಿಡಿಸದಿದ್ದರೆ ಸದ್ದಿಲ್ಲದೆ ಬಾಲ ಕತ್ತರಿಸಿ ಒಳಗಿಡುತ್ತಿತ್ತು. 2015ರ 5.7ನೇ ಆವೃತ್ತಿಯಿಂದ ಆ ದುರಭ್ಯಾಸ ತಾನಾಗಿ ಇರುವ ವರ್ತನೆಯಲ್ಲ.

ಅಕಾರಾದಿಯಲ್ಲೂ ತೊಡಕಿದೆ. ಶಿರಾ ತಾಲ್ಲೂಕಿನ ಹೋಬಳಿಗಳು ಕಸಬಾ, ಕಳ್ಳಂಬೆಳ್ಳ, ಗೌಡಗೆರೆ, ಬುಕ್ಕಾಪಟ್ಟಣ, ಹುಲಿಕುಂಟೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ, ಆದ್ದರಿಂದ ಕಸಬಾ ಮೊದಲು, ಕಳ್ಳಂಬೆಳ್ಳ ಆಮೇಲೆ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳ ಲಕಾರದ ಬೆನ್ನಿಗೇ ಕೂತಿದೆ. ಬರೀ ಬೈಟ್ ಕ್ರಮದಲ್ಲಿ ಜೋಡಿಸುವ ಯಂತ್ರ ಕಳ್ಳಂಬೆಳ್ಳವನ್ನು ಕಸಬಾಕ್ಕಿಂತ ಮುಂದೆ ತಂದುಬಿಡುತ್ತದೆ. ಎಸ್‌ಕ್ಯುಎಲೈಟ್ ಹೇಳದಿದ್ದರೆ ಹೀಗೇ ಮಾಡುತ್ತದೆ. ಪೋಸ್ಟ್‌ಗ್ರೆಸ್ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಅಂತರರಾಷ್ಟ್ರೀಯ ಅಕ್ಷರಸಂಗ್ರಹದ ನಿಯಮಗಳನ್ನು ಬಳಸಬಲ್ಲದು. ಅದನ್ನು ಹಾಕಿಕೊಂಡರೆ ಕಸಬಾ ತನ್ನ ಜಾಗಕ್ಕೆ ಮರಳುತ್ತದೆ. ಐದು ಹೋಬಳಿಯ ಪಟ್ಟಿಯಲ್ಲಿ ಇದು ಕ್ಷುಲ್ಲಕ. ಐದು ಸಾವಿರ ಸದಸ್ಯರ ಸಂಘದ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕುತ್ತಾ ನಿಂತವರಿಗೆ ಅಲ್ಲ.

ಇಷ್ಟೆಲ್ಲ ಆದಮೇಲೂ ನಿರ್ಧಾರ ತೂಗುವುದು ಇವುಗಳ ಮೇಲಲ್ಲ ಎಂದು ನನಗೆ ಅನ್ನಿಸುತ್ತದೆ. ಬಿಟ್ಟು ಹೊರಡಲು ಎಷ್ಟು ಖರ್ಚಾಗುತ್ತದೆ ಎಂಬುದು ತೂಗುತ್ತದೆ. ಎಸ್‌ಕ್ಯುಎಲ್ ಸರ್ವರ್ 7.0 ಹೊರಬಂದದ್ದು 1998ರಲ್ಲಿ. ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2011ರ ಜನವರಿಯಲ್ಲಿ. ಪಹಣಿಯಲ್ಲಿರುವ ಹೆಸರು ಅದಕ್ಕಿಂತ ಬಹಳ ಕಾಲ ಬದುಕಬೇಕು. ಅಂದರೆ ಯಾವ ಯಂತ್ರಕ್ಕೆ ಹೊಕ್ಕರೂ ಒಂದು ದಿನ ಹೊರಡಲೇಬೇಕು.

ಕೋಷ್ಟಕಗಳನ್ನು ಹೊತ್ತೊಯ್ಯುವುದು ಸಲೀಸು. ಎಲ್ಲ ಯಂತ್ರಗಳೂ ಮಾತಾಡುವ ಎಸ್‌ಕ್ಯುಎಲ್‌ಗೆ ಒಂದೇ ಬೇರು: ಎಡ್ಗರ್ ಕಾಡ್ 1970ರಲ್ಲಿ ಐಬಿಎಂನಲ್ಲಿದ್ದಾಗ ಬರೆದ ಪ್ರಬಂಧ. ತೊಡಕು ಇರುವುದು ಪ್ರತಿ ಕಂಪನಿ ತನ್ನದೇ ಒಳಭಾಷೆಯಲ್ಲಿ ಬರೆಸಿಕೊಳ್ಳುವ ಕಾರ್ಯವಿಧಾನಗಳಲ್ಲಿ. ಬಡ್ಡಿ ಲೆಕ್ಕ, ಸರದಿ ನಿಯಮ, ಬಾಕಿ ನೋಟಿಸು ಇವನ್ನೆಲ್ಲ ಡೇಟಾಬೇಸಿನೊಳಗೇ ಬರೆದಿಟ್ಟರೆ ವೇಗ ಹೆಚ್ಚುತ್ತದೆ, ಸುಭದ್ರವೂ ಹೌದು. ಹತ್ತು ವರ್ಷ ಕಳೆದ ಮೇಲೆ ಅವನ್ನು ಬರೆದವನು ಬೆಂಗಳೂರಿಗೆ ಹೋಗಿರುತ್ತಾನೆ. ಸಾಲುಗಳು ಸಾವಿರಾರು ಇರುತ್ತವೆ. ಇನ್ನೊಂದು ಯಂತ್ರಕ್ಕೆ ಅವು ಅರ್ಥವಾಗುವುದಿಲ್ಲ. ಮೈಕ್ರೋಸಾಫ್ಟಿನ ಒಳಭಾಷೆಯನ್ನು ಪೋಸ್ಟ್‌ಗ್ರೆಸ್‌ಗೆ ಕಲಿಸುವ ‘ಬ್ಯಾಬೆಲ್‌ಫಿಶ್’ ಎಂಬ ತಂತ್ರಾಂಶವನ್ನು ಅಮೆಜಾನ್ 2021ರಲ್ಲಿ ಮುಕ್ತವಾಗಿ ಬಿಟ್ಟದ್ದು ಈ ಸಂಕಟದಿಂದ ಹೊರಬರಲು ಗಿರಾಕಿಗಳಿದ್ದಾರೆ ಎಂದು ಗೊತ್ತಿದ್ದರಿಂದಲೇ. ಸಣ್ಣ ಬಲೆಗಳೂ ಇವೆ. ಒರೇಕಲ್‌ಗೆ ‘ಖಾಲಿ’ ಮತ್ತು ‘ಗೊತ್ತಿಲ್ಲ’ ಒಂದೇ. ಪೋಸ್ಟ್‌ಗ್ರೆಸ್‌ಗೆ ಬೇರೆ ಬೇರೆ. ಹಿಸ್ಸಾ ನಂಬರ್ ಇಲ್ಲದ ಸರ್ವೆ ನಂಬರಿಗೂ, ಹಿಸ್ಸಾ ಯಾವುದೆಂದು ಇನ್ನೂ ನಮೂದಾಗದ ಸರ್ವೆ ನಂಬರಿಗೂ ಇರುವ ಅಂತರ ಮಧುಗಿರಿಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಓಡುವ ಅಂತರ.

ಮುಕ್ತ ಎಂದ ಮಾತ್ರಕ್ಕೆ ಯಾರೂ ನಿಮ್ಮನ್ನು ಕಟ್ಟಿಹಾಕಲಾರರು ಎಂದೂ ಅಲ್ಲ. ಸ್ವೀಡನ್ನಿನ ಮೈಎಸ್‌ಕ್ಯುಎಲ್ ಕಂಪನಿಯನ್ನು 2008ರಲ್ಲಿ ಸನ್ ಸಂಸ್ಥೆ ನೂರು ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರೇಕಲ್ ಪಾಲಾಯಿತು. ಮೂಲ ಕರ್ತೃ ಮೈಕೆಲ್ ವಿಡೆನಿಯಸ್ ಅದಕ್ಕೂ ಮೊದಲೇ ಹೊರನಡೆದು, ಅದೇ ಸಂಕೇತದಿಂದ ಮರಿಯಾಡಿಬಿ ಕವಲೊಡೆಸಿದ್ದರು. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾಬೇಸಿನ ಕಂಪನಿ ಲೈಸೆನ್ಸ್ ಬಿಗಿಮಾಡಿದಾಗಲೂ ಹೀಗೇ ಆಯಿತು. ವಾರಗಳಲ್ಲೇ ವಾಲ್ಕೀ ಎಂಬ ಕವಲು ಹುಟ್ಟಿತು. ಬಾಗಿಲು ಮುಚ್ಚಿದರೆ ಗೋಡೆ ಒಡೆಯುವ ಹಕ್ಕು ಮುಕ್ತ ಲೈಸೆನ್ಸಿನಲ್ಲಿದೆ. ಪೋಸ್ಟ್‌ಗ್ರೆಸ್‌ಗೆ ಆ ಅಪಾಯವೂ ಕಡಿಮೆ, ಅದಕ್ಕೆ ಒಬ್ಬ ಮಾಲೀಕನೇ ಇಲ್ಲ.

ಈಗ ಚಿಕ್ಕವರ ಲೆಕ್ಕ. ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ 150 ಜನ ದಿನಕ್ಕೆರಡು ಸಲ ಹಾಲು ಹಾಕುತ್ತಾರೆ ಎನ್ನಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ವರ್ಷಕ್ಕೆ 1,09,500 ಸಾಲು. ಸಾಲಿಗೆ ನೂರು ಬೈಟ್ ಎಂದರೂ ವರ್ಷಕ್ಕೆ ಹನ್ನೊಂದು ಎಂಬಿ. ಎಸ್‌ಕ್ಯುಎಲ್ ಸರ್ವರ್ 2022ರ ಪುಕ್ಕಟೆ ಎಕ್ಸ್‌ಪ್ರೆಸ್ ಆವೃತ್ತಿಗೆ 10 ಜಿಬಿಯ ಮಿತಿಯಿದೆ ಎಂದು ಮಾರಾಟಗಾರ ಹೆದರಿಸಿದರೆ, ಆ ಮಿತಿ ಮುಟ್ಟಲು ಸಂಘಕ್ಕೆ ಒಂಬೈನೂರು ವರ್ಷ ಬೇಕು ಎಂದು ಉತ್ತರಿಸಬಹುದು. ಶಿರಾ ಮೊಗಲರ ಸುಬಾ ಆದದ್ದೇ 1687ರಲ್ಲಿ. ಒಂಬೈನೂರು ವರ್ಷದ ಮಾತು ಬಿಡಿ. ಇಂಥ ಕಡೆ ಎಸ್‌ಕ್ಯುಎಲೈಟ್ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಬರೆದ ಈ ಡೇಟಾಬೇಸಿಗೆ ಸರ್ವರ್ ಇಲ್ಲ, ಇಡೀ ಲೆಕ್ಕ ಒಂದೇ ಕಡತ, ಪೆನ್‌ಡ್ರೈವಿಗೆ ನಕಲು ಮಾಡಿದರೆ ಬ್ಯಾಕಪ್ ಮುಗಿಯಿತು (ನಕಲು ಮಾಡುವಾಗ ಯಾರೂ ಹಾಲಿನ ಲೆಕ್ಕ ಬರೆಯುತ್ತಿರಬಾರದು, ಅಷ್ಟೆ). ಹಲವರು ಒಟ್ಟಿಗೆ ಬರೆಯುವ ಕೆಲಸಕ್ಕೆ ಮಾತ್ರ ಅದು ಅಲ್ಲ. ಒಂದು ಹೊತ್ತಿಗೆ ಒಬ್ಬರಿಗೇ ಲೇಖನಿ.

ಬಹುತೇಕ ಅಂಗಡಿಗಳಿಗೆ ಡೇಟಾಬೇಸ್ ಎಂದರೆ ಟ್ಯಾಲಿ. ಬೆಂಗಳೂರಿನ ಈ ತಂತ್ರಾಂಶದೊಳಗೆ ಅದರದೇ ಸ್ವಂತ ಸಂಗ್ರಹ ಯಂತ್ರವಿದೆ. 10000 ಎಂಬಂಥ ಸಂಖ್ಯೆಯ ಫೋಲ್ಡರಿನಲ್ಲಿ ಕಂಪನಿಯ ಲೆಕ್ಕವೆಲ್ಲ ಇರುತ್ತದೆ, ಹೊರಗಿನವರಿಗೆ ಅದು ಅರ್ಥವಾಗದು. ಅದನ್ನು ಬೈಯುವ ಅಗತ್ಯವಿಲ್ಲ. ಲೆಕ್ಕಪರಿಶೋಧಕರಿಗೆ ಅದು ಗೊತ್ತು, ಜಿಎಸ್‌ಟಿ ಅದರಿಂದ ಹೋಗುತ್ತದೆ, ಕಲಿತ ಹುಡುಗರು ಊರಲ್ಲೇ ಸಿಗುತ್ತಾರೆ. ಕೇಳಬೇಕಾದದ್ದು ಇಷ್ಟೆ: ಲೆಕ್ಕವೆಲ್ಲ ಬೇರೆಯವರೂ ಓದಬಲ್ಲ ರೂಪದಲ್ಲಿ ಹೊರಗೆ ಬರುತ್ತದೆಯೇ? ಎಕ್ಸೆಲ್‌ಗೆ, ಎಕ್ಸ್‌ಎಂಎಲ್‌ಗೆ ಬರುತ್ತದೆ. ವರ್ಷಕ್ಕೊಮ್ಮೆ ತೆಗೆದಿಟ್ಟುಕೊಳ್ಳುವವರು ಎಷ್ಟು ಜನ?

ನಾಲ್ಕು ತಾಲ್ಲೂಕಿನಲ್ಲಿ ನಿಜಕ್ಕೂ ದೊಡ್ಡ ಲೆಕ್ಕವಿರುವುದು ಪಾವಗಡದಲ್ಲಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಇಂಥ ಕಡೆ ಎರಡು ಬಗೆಯ ದತ್ತಾಂಶ ಹುಟ್ಟುತ್ತದೆ. ಒಂದು ಬಿಸಿಲಿನದು: ಒಂದು ಇನ್ವರ್ಟರು ನಿಮಿಷಕ್ಕೊಮ್ಮೆ ಹತ್ತು ಅಳತೆ ಕಳಿಸಿದರೆ, ಅಂಥ ಸಾವಿರ ಇನ್ವರ್ಟರ್‌ಗಳಿಂದ ದಿನಕ್ಕೆ 1 ಕೋಟಿ 44 ಲಕ್ಷ ಅಳತೆ. ಗ್ರಿಡ್ಡಿಗೆ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಉತ್ಪಾದನೆಯ ಅಂದಾಜು ಕೊಡಬೇಕು. ಇಂಥ ಸಾಲುಗಳನ್ನು ಬರೆದಮೇಲೆ ತಿದ್ದುವವರಿಲ್ಲ, ಬರುತ್ತಲೇ ಇರುತ್ತವೆ, ಯಂತ್ರಗಳು ಹೆಚ್ಚುತ್ತ ಹೋಗುತ್ತವೆ. ಕೋರ್ ಲೆಕ್ಕದಲ್ಲಿ ದುಡ್ಡು ಕೀಳುವ ಲೈಸೆನ್ಸು ಇಲ್ಲಿ ನೋಯಿಸುತ್ತದೆ. ಪೋಸ್ಟ್‌ಗ್ರೆಸ್ ಮೇಲೆ ಕೂರುವ ಟೈಮ್‌ಸ್ಕೇಲ್‌ನಂಥ ಕಾಲಸರಣಿ ತಂತ್ರಾಂಶಗಳು ಬೆಳೆದದ್ದು ಇದೇ ಬಗೆಯ ಕೆಲಸಕ್ಕೆ.

ಇನ್ನೊಂದು ನೆಲದ್ದು, ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಒರಟು. ಇಲ್ಲಿ ಜಮೀನು ಸ್ವಾಧೀನವಾಗಲಿಲ್ಲ, ಗುತ್ತಿಗೆಗೆ ಹೋಯಿತು; ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಹಿಂದಿನ ಮೊತ್ತದ ಮೇಲೆ ಏರಿಸುತ್ತ ಹೋದರೆ 22,050, ಆಮೇಲೆ 23,152.50, ಆಮೇಲೆ 24,310.125. ಕೊನೆಯ ಆ ಅರ್ಧ ಪೈಸೆಯನ್ನು ಎತ್ತ ದುಂಡಾಗಿಸಬೇಕು ಎಂಬುದನ್ನು ಮೊದಲೇ ಬರೆದಿಡದಿದ್ದರೆ ಎರಡು ಯಂತ್ರ ಎರಡು ಉತ್ತರ ಕೊಟ್ಟಾವು. ಜಮೀನು ರೈತರ ಹೆಸರಿನಲ್ಲೇ ಇರುವುದರಿಂದ ಹಿರಿಯರು ತೀರಿಕೊಂಡರೆ ಪೌತಿ ಖಾತೆಯಾಗಬೇಕು, ಒಂದು ಸಾಲು ನಾಲ್ಕಾಗಬೇಕು, ನಾಲ್ವರಿಗೆ ಹಂಚಿದ ಹಣದ ಮೊತ್ತ ಮೊದಲಿನ ಒಂದಕ್ಕೆ ಸಮವಾಗಬೇಕು. ಮತ್ತೆ ಅದೇ ಟ್ರಾನ್ಸಾಕ್ಷನ್.

ಈ ಗುತ್ತಿಗೆಯ ಬಾಳಿಕೆ ಸುಮಾರು ಕಾಲು ಶತಮಾನ. ಪೋಸ್ಟ್‌ಗ್ರೆಸ್ ತನ್ನ ಒಂದೊಂದು ಆವೃತ್ತಿಗೆ ತೇಪೆ ಕೊಡುವುದು ಐದು ವರ್ಷ. ಮೈಕ್ರೋಸಾಫ್ಟ್ ಹತ್ತು ವರ್ಷ ಕೊಡುತ್ತದೆ. ಈ ಒಂದು ಅಂಕಣದಲ್ಲಿ ದುಡ್ಡಿನ ಸರಕೇ ಮುಂದು ಎಂದು ಒಪ್ಪಬೇಕು. ಐದು ವರ್ಷಕ್ಕೊಮ್ಮೆ ಆವೃತ್ತಿ ಬದಲಿಸುವ ಜನ ಪಾವಗಡದಲ್ಲೋ ತುಮಕೂರಿನಲ್ಲೋ ಸಿಗುತ್ತಾರೆಂಬ ನಂಬಿಕೆ ಇದ್ದರೆ ಮುಕ್ತ ತಂತ್ರಾಂಶ, ಇಲ್ಲದಿದ್ದರೆ ಹತ್ತು ವರ್ಷದ್ದು. ಬದಲಿಸುವ ದಿನ ಮಾಡಬೇಕಾದ ಪರೀಕ್ಷೆ ಎರಡಕ್ಕೂ ಒಂದೇ: ಹಳೆಯದು, ಹೊಸದು ಎರಡನ್ನೂ ಕೆಲಕಾಲ ಜೊತೆಯಾಗಿ ಓಡಿಸಿ, ಪ್ರತಿ ಸರ್ವೆ ನಂಬರಿನ ಹಿಸ್ಸಾಗಳ ಗುಂಟೆಗಳನ್ನು ಎರಡರಲ್ಲೂ ಕೂಡಿಸಿ, ಆಕಾರಬಂದಿನ ಮೊತ್ತಕ್ಕೆ ತಾಳೆ ನೋಡುವುದು. ತಾಳೆಯಾಗದ ನಂಬರುಗಳು ಸಿಕ್ಕೇ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಯಂತ್ರ ಬದಲಾಗುವ ಮೊದಲೇ, ಕೈಬರಹದ ಕಾಲದಿಂದಲೇ ತಾಳೆಯಾಗದವು.